ಯಾರು ಗೆಲ್ಲುತ್ತಾರೆ ಎಂಬ ಪ್ರಶ್ನೆ

ಕಳೆದ ವಾರ ಸಂಘಟನೆಯ ಕೆಲಸದ ಮೇಲೆ ನಾವು ದುಬಾರೆಗೆ ಹೋಗಿದ್ದೆವು. ಆನೆ ನೋಡಲು ಬಂದ ಪ್ರವಾಸಿಗರು ಕಾವೇರಿಯ ಈಚೆ ದಡದಲ್ಲಿ ದೋಣಿಗೆ ಕಾದು ನಿಂತಿದ್ದರು. ಅಲ್ಲಿಯೇ ಚಹಾದಂಗಡಿಯಲ್ಲಿ ಕುಶಾಲನಗರದ ಇಬ್ಬರು ವರ್ತಕರಿಗೂ ಕಾಫಿ ವರ್ಕ್ಸಿನ ಒಬ್ಬ ಕಾರ್ಮಿಕ ಮಿತ್ರನಿಗೂ ಬಿರುಸಾದ ವಾದ ನಡೆದಿತ್ತು. ವಿಷಯ ಕಾಳುಮೆಣಸಿನ ಧಾರಣೆಯಲ್ಲ, ಕೂಲಿಯ ದರವೂ ಅಲ್ಲ. 2028ರ ವಿಧಾನಸಭಾ ಚುನಾವಣೆ! ಮಡಿಕೇರಿ ಯಾರಿಗೆ, ವಿರಾಜಪೇಟೆ ಯಾರಿಗೆ, ಯಾವ ಜಾತಿಯ ಓಟು ಎಷ್ಟು, ಯಾರು ಯಾರ ಓಟನ್ನು ಒಡೆಯುತ್ತಾರೆ ಎಂಬುದನ್ನೆಲ್ಲ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಹಾಡಿಯ ಹಿರಿಯರೊಬ್ಬರು ಬೀಡಿ ಹಚ್ಚಿ ಕೂತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ನಾವು ಕೇಳಿದೆವು.

"ಯಾರು ಗೆದ್ರೂ ಹಕ್ಕುಪತ್ರ ಕೇಳೋಕೆ ನಾವೇ ಹೋಗ್ಬೇಕು ಮೇಷ್ಟ್ರೇ, ಅವ್ರು ಬರಲ್ಲ" ಎಂದರು.

ಆ ಮಾತನ್ನು ತಲೆಯಲ್ಲಿಟ್ಟುಕೊಂಡೇ ಈ ವಾರದ ಅಗ್ರಲೇಖನವನ್ನು ಬರೆಯುತ್ತಿದ್ದೇವೆ. ಚುನಾವಣೆಯ ಭವಿಷ್ಯ ಹೇಳುವುದು ನಮ್ಮ ದೇಶದಲ್ಲಿ ಈಗ ಒಂದು ದೊಡ್ಡ ಉದ್ಯಮವಾಗಿದೆ. ಈ ಉದ್ಯಮದ ಸರಕು ಎಂಥದು, ಅದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಗಿರಣಿಯ ಕೆಲಸಗಾರನೂ ಚಿಕ್ಕ ಅಂಗಡಿಕಾರನೂ ಒಮ್ಮೆ ಯೋಚಿಸುವುದು ಒಳ್ಳೆಯದು.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇವೆ. 2023ರ ಮೇ ತಿಂಗಳಲ್ಲಿ ಕರ್ನಾಟಕಕ್ಕೆ ಅತಂತ್ರ ವಿಧಾನಸಭೆಯೇ ಗತಿ ಎಂದು ನಾವು ಈ ಪುಟದಲ್ಲಿ ಬರೆದೆವು. ಮೇ 10ರಂದು ಮತದಾನ ಮುಗಿದ ಸಂಜೆ ಹಲವು ಸಮೀಕ್ಷೆಗಳೂ ಹಾಗೆಯೇ ಹೇಳಿದಾಗ ನಮಗೆ ಒಳಗೊಳಗೇ ಹೆಮ್ಮೆಯಾಯಿತೆಂಬುದೂ ನಿಜ. ಮೇ 13ರಂದು ಎಣಿಕೆಯಾದಾಗ ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66, ಜನತಾದಳಕ್ಕೆ 19! ಕೊಡಗಿನಲ್ಲಿ 2008, 2013, 2018 ಈ ಮೂರು ಚುನಾವಣೆಗಳಲ್ಲೂ ಎರಡಕ್ಕೆ ಎರಡು ಸ್ಥಾನ ಗೆದ್ದಿದ್ದ ಬಿಜೆಪಿ ಎರಡನ್ನೂ ಕಳೆದುಕೊಂಡಿತು. ಮಡಿಕೇರಿಯಲ್ಲಿ ಅಪ್ಪಚ್ಚು ರಂಜನ್ ಅವರನ್ನು ಮಂಥರ್ ಗೌಡರೂ, ವಿರಾಜಪೇಟೆಯಲ್ಲಿ ಕೆ.ಜಿ. ಬೋಪಯ್ಯನವರನ್ನು ಎ.ಎಸ್. ಪೊನ್ನಣ್ಣನವರೂ ಸೋಲಿಸಿದರು. ಎರಡೂ ಕಡೆ ಅಂತರ ಐದು ಸಾವಿರಕ್ಕಿಂತ ಕಡಿಮೆ. ಐದು ಸಾವಿರ ಓಟಿನೊಳಗಿನ ಗೆಲುವನ್ನು ಮುಂಚಿತವಾಗಿ ಕಂಡೆನೆನ್ನುವವನು ಒಂದೋ ಸುಳ್ಳು ಹೇಳುತ್ತಾನೆ, ಇಲ್ಲವೇ ಆಮೇಲೆ ಜಾಣನಾದವನು.

ತಪ್ಪಿದ್ದೆಲ್ಲಿ? ಓಟಿನ ಲೆಕ್ಕದಲ್ಲಲ್ಲ, ಓಟು ಸ್ಥಾನವಾಗುವ ಲೆಕ್ಕದಲ್ಲಿ. 2018ರಲ್ಲಿ ಬಿಜೆಪಿಗೆ ಬಂದದ್ದು ನೂರಕ್ಕೆ ಸುಮಾರು 36 ಓಟು, ಸ್ಥಾನ 104. 2023ರಲ್ಲಿಯೂ ನೂರಕ್ಕೆ ಸುಮಾರು 36 ಓಟೇ ಬಂತು. ಸ್ಥಾನ 66ಕ್ಕೆ ಇಳಿಯಿತು. ಅಷ್ಟೇ ಜನ ಅದೇ ಗುಂಡಿ ಒತ್ತಿದರೂ 38 ಸ್ಥಾನ ಮಾಯ! ಇತ್ತ ಕಾಂಗ್ರೆಸ್ಸು 2018ರಲ್ಲಿ ನೂರಕ್ಕೆ 38 ಓಟು ಪಡೆದು, ಬಿಜೆಪಿಗಿಂತ ಹೆಚ್ಚು ಜನರ ಬೆಂಬಲವಿದ್ದೂ, 80ರ ಆಸುಪಾಸಿನಲ್ಲಿ ನಿಂತಿತ್ತು. 2023ರಲ್ಲಿ 43ರ ಹತ್ತಿರ ಬಂದೊಡನೆ 135ಕ್ಕೆ ಜಿಗಿಯಿತು. ಜನತಾದಳದ ಓಟು 18ರಿಂದ 13ಕ್ಕೆ ಇಳಿದದ್ದು ಹೆಚ್ಚಾಗಿ ಒಂದೇ ಕಡೆಗೆ ಹರಿದದ್ದರಿಂದ ಹೀಗಾಯಿತು. ಒಬ್ಬನೇ ಗೆಲ್ಲುವ ಕ್ಷೇತ್ರ, ಎಲ್ಲರಿಗಿಂತ ಒಂದು ಓಟು ಹೆಚ್ಚಾದರೆ ಸಾಕೆಂಬ ನಿಯಮ: ಇದರ ಫಲ ಇದು. ಸೇರಿನಲ್ಲಿ ಅಳೆದು ಕೊಟ್ಟ ಅಕ್ಕಿ ಒಂದು ದಿನ ಒಂದು ತೂಕ, ಇನ್ನೊಂದು ದಿನ ಇನ್ನೊಂದು ತೂಕ ಬಂದರೆ ಗಿರಾಕಿ ಅಂಗಡಿಕಾರನನ್ನು ಬಿಡುತ್ತಾನೆಯೆ? ಚುನಾವಣೆಯಲ್ಲಿ ಮಾತ್ರ ಬಿಟ್ಟಿದ್ದೇವೆ.

ಇದೇ ಲೆಕ್ಕವನ್ನು ಬೇರೊಂದು ರೀತಿಯಲ್ಲಿ ಇಟ್ಟುಕೊಂಡ ದೇಶವೊಂದಿದೆ. ಐರ್ಲೆಂಡು. ನಮ್ಮಂತೆಯೇ ಬ್ರಿಟಿಷರ ಕೈಯಿಂದ ಬಿಡಿಸಿಕೊಂಡ ನಾಡು. ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ಅವರ 1937ರ ಸಂವಿಧಾನವೇ ಮಾದರಿ. 2022ರ ಜನಗಣತಿಯಂತೆ ಜನ 51 ಲಕ್ಷ, ಅಂದರೆ ಕೊಡಗಿನ ಸುಮಾರು ಒಂಬತ್ತು ಪಟ್ಟು. ಅಲ್ಲಿಯ ಒಂದೊಂದು ಕ್ಷೇತ್ರಕ್ಕೆ ಮೂರು, ನಾಲ್ಕು ಅಥವಾ ಐದು ಪ್ರತಿನಿಧಿಗಳು. ಮತದಾರನು ಹೆಸರುಗಳ ಮುಂದೆ 1, 2, 3 ಎಂದು ತನ್ನ ಇಷ್ಟದ ಕ್ರಮದಲ್ಲಿ ಬರೆಯುತ್ತಾನೆ. ನಾಲ್ಕು ಸ್ಥಾನದ ಕ್ಷೇತ್ರವಾದರೆ ಐದನೇ ಒಂದು ಪಾಲಿಗಿಂತ ಒಂದು ಓಟು ಹೆಚ್ಚು ಬಂದವನು ಗೆದ್ದ. ಗೆದ್ದವನಲ್ಲಿ ಉಳಿದ ಓಟು ಮುಂದಿನ ಅಂಕಿಯವನಿಗೆ ಹೋಗುತ್ತದೆ. ಎಲ್ಲರಿಗಿಂತ ಕೆಳಗಿನವನು ಬಿದ್ದರೆ ಅವನ ಓಟುಗಳೂ ಹಾಗೆಯೇ ಹರಿಯುತ್ತವೆ. ಓಟು ಹಾಳಾಗುವುದು ಕಡಿಮೆ.

ಇಂಥ ಎಣಿಕೆ ಅರ್ಧ ದಿನದಲ್ಲಿ ಮುಗಿಯುವಂಥದಲ್ಲ. 2024ರ ನವೆಂಬರ್ 29, ಶುಕ್ರವಾರ ಅಲ್ಲಿ ಮತದಾನವಾಯಿತು. 174 ಸ್ಥಾನಗಳಲ್ಲಿ ಕೊನೆಯವು ತುಂಬಿದ್ದು ಸೋಮವಾರ ರಾತ್ರಿ. ಶುಕ್ರವಾರ ರಾತ್ರಿಯ ಸಮೀಕ್ಷೆಯು ಶಿನ್ ಫೇನ್ ಪಕ್ಷಕ್ಕೆ 21.1, ಫಿನೆ ಗೇಲ್‌ಗೆ 21, ಫಿಯಾನಾ ಫಾಲ್‌ಗೆ 19.5 ಎಂದು ಹೇಳಿತು. ಎಣಿಸಿದಾಗ ಮೂರನೆಯದೆಂದ ಫಿಯಾನಾ ಫಾಲ್ 21.9 ಪಡೆದು ಮೊದಲಾಯಿತು. ಮೊದಲನೆಯದೆಂದ ಶಿನ್ ಫೇನ್ 19ಕ್ಕೆ ಇಳಿಯಿತು. ಸ್ಥಾನಗಳು 48, 39, 38. ಇಲ್ಲಿ ಓಟಿನಲ್ಲಿ ಹಿಂದಿದ್ದ ಶಿನ್ ಫೇನ್ ಒಂದು ಸ್ಥಾನದಿಂದ ಫಿನೆ ಗೇಲನ್ನು ದಾಟಿತು. 2025ರ ಜನವರಿಯಲ್ಲಿ ಫಿಯಾನಾ ಫಾಲ್‌ನ ಮಿಹಾಲ್ ಮಾರ್ಟಿನ್ ಪ್ರಧಾನಿಯಾದರು. ಅಂದರೆ ಸಮೀಕ್ಷೆ ಅಲ್ಲಿಯೂ ತಪ್ಪುತ್ತದೆ, ಆದರೆ ಒಂದೆರಡು ಓಟು ಅತ್ತಿತ್ತಾದರೆ ಒಂದು ಪಕ್ಷದ ಬಲ ಅರ್ಧಕ್ಕೆ ಕುಸಿಯುವುದಿಲ್ಲ. ಇದು ಗಮನಿಸಬೇಕಾದ ಮಾತು.

ಅದಕ್ಕಿಂತ ನಮಗೆ ಹೆಚ್ಚು ಹಿಡಿಸಿದ್ದು ಅಲ್ಲಿಯ ಇನ್ನೊಂದು ಪದ್ಧತಿ. ಮತಪತ್ರಗಳನ್ನು ಪೆಟ್ಟಿಗೆಯಿಂದ ಮೇಜಿನ ಮೇಲೆ ಸುರಿದು ಬಿಡಿಸುವಾಗ ಬೇಲಿಯ ಈಚೆ ಪಕ್ಷಗಳ ಕಾರ್ಯಕರ್ತರು ಪೆನ್ಸಿಲ್ಲು ಹಿಡಿದು ನಿಂತಿರುತ್ತಾರೆ. ಪ್ರತಿಯೊಂದು ಪತ್ರದಲ್ಲಿ 1 ಎಂಬ ಅಂಕಿ ಯಾರ ಮುಂದಿದೆಯೆಂದು ಕಣ್ಣಲ್ಲೇ ಹಿಡಿದು ಗೆರೆ ಎಳೆಯುತ್ತಾ ಹೋಗುತ್ತಾರೆ. ಟ್ಯಾಲಿಮನ್ ಎಂದು ಅವರ ಹೆಸರು. ಒಬ್ಬನಿಗೆ ಎಲ್ಲ ಮೇಜೂ ಕಾಣದು. ಆದ್ದರಿಂದ ಕಚ್ಚಾಡಿಕೊಂಡ ಪಕ್ಷಗಳವರೇ ಅಂದು ಲೆಕ್ಕ ಹಂಚಿಕೊಳ್ಳುತ್ತಾರೆ. ಅಧಿಕಾರಿ ಬಾಯಿ ತೆರೆಯುವ ಮುಂಚೆಯೇ ಬೆಳಗಿನ ಹೊತ್ತಿಗೆಲ್ಲ ಫಲಿತಾಂಶದ ರೂಪ ಇವರಿಂದ ಹೊರಬೀಳುತ್ತದೆ. ಇದೂ ಭವಿಷ್ಯವಾಣಿಯೇ. ಆದರೆ ದುಡ್ಡು ಕೊಟ್ಟು ಕೊಂಡದ್ದಲ್ಲ. ಬಿದ್ದ ಓಟನ್ನು ಕಣ್ಣಾರೆ ಕಂಡು ಹೇಳಿದ್ದು.

ಪಕ್ಷಗಳು ತಮ್ಮ ಬಗ್ಗೆ ತಾವೇ ತಪ್ಪು ಭವಿಷ್ಯ ನುಡಿಯುವುದೂ ಉಂಟು. 2020ರಲ್ಲಿ ಶಿನ್ ಫೇನ್ ತನಗೆ ಹೆಚ್ಚು ಬಲವಿಲ್ಲವೆಂದು ಅಂಜಿ 42 ಮಂದಿಯನ್ನಷ್ಟೇ ನಿಲ್ಲಿಸಿತು. ಮೊದಲ ಓಟಿನಲ್ಲಿ ಎಲ್ಲರಿಗಿಂತ ಮುಂದೆ ಬಂದು 37 ಮಂದಿ ಗೆದ್ದರು. ಉಳಿದ ಓಟನ್ನು ತೆಗೆದುಕೊಳ್ಳಲು ಆಳೇ ಇರಲಿಲ್ಲ! ಅದೆಲ್ಲ ಇತರ ಎಡಪಕ್ಷಗಳಿಗೆ ಹರಿಯಿತು. ಚಿಕ್ಕ ಪಕ್ಷಗಳ ಸಂಘಟಕರಾದ ನಮಗೆ ಇದನ್ನು ಓದಿ ನಗು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಬಂತು.

ದೊಡ್ಡ ಪಕ್ಷಕ್ಕೆ ಇಂಥ ಪದ್ಧತಿ ಎಲ್ಲಿಯೂ ಸೇರುವುದಿಲ್ಲ. 1959ರ ಜೂನ್‌ನಲ್ಲಿ ಡಿ ವಲೇರಾ ಅವರ ಫಿಯಾನಾ ಫಾಲ್ ಇದನ್ನು ಕಿತ್ತು ನಮ್ಮಂಥ ಏಕಸ್ಥಾನ ಪದ್ಧತಿ ತರಲು ಜನಮತ ಕೇಳಿತು. ಅದೇ ದಿನ ಜನ ಡಿ ವಲೇರಾ ಅವರನ್ನು ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿದರು. ಅವರ ಪಕ್ಷದ ತಿದ್ದುಪಡಿಯನ್ನು ಮಾತ್ರ ತಿರಸ್ಕರಿಸಿದರು. 1968ರಲ್ಲಿ ಮತ್ತೆ ಕೇಳಿದಾಗ ಇನ್ನೂ ಜೋರಾಗಿ ತಿರಸ್ಕರಿಸಿದರು.

ನಮ್ಮಲ್ಲಿ ಈ ಚರ್ಚೆ ಆಗಲಿಲ್ಲವೆಂದಲ್ಲ. 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು ಲೋಕಸಭೆಗೆ ಇದೇ ಪದ್ಧತಿಯನ್ನು ಸೂಚಿಸಿದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಅಂಕಿ ಬರೆಯಲು ಅಕ್ಷರ ಬೇಕು, ದೇಶದ ಬಹುಜನ ನಿರಕ್ಷರಸ್ಥರು. ಸರ್ಕಾರ ಭದ್ರವಾಗಿ ನಿಲ್ಲುವುದೂ ಮುಖ್ಯ ಎಂಬುದು ಅವರ ವಾದ. ಅಂದಿಗೆ ಅದು ತೂಕದ ಮಾತು. 1952ರಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆಯಿಟ್ಟು ಮೇಲೆ ಚಿಹ್ನೆ ಅಂಟಿಸಬೇಕಾಗಿದ್ದ ದೇಶ ನಮ್ಮದು. ಇಂದು? ವಿಧಾನ ಪರಿಷತ್ತಿನ ನೈಋತ್ಯ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಿಗೆ ಕೊಡಗಿನವರು 1, 2, 3 ಎಂದು ಬರೆದೇ ಓಟು ಹಾಕುತ್ತಾರೆ. 2024ರ ಜೂನ್‌ನಲ್ಲಿ ಭೋಜೇಗೌಡರೂ ಧನಂಜಯ ಸರ್ಜಿಯವರೂ ಹಾಗೆಯೇ ಆಯ್ಕೆಯಾದರು. ಪದವಿಯವರಿಗೂ ಪ್ರೌಢಶಾಲೆಯಿಂದ ಮೇಲಿನ ಮೇಷ್ಟ್ರುಗಳಿಗೂ ಸಿಕ್ಕುವ ಈ ಸೌಕರ್ಯ ಗಿರಣಿಯವನಿಗೆ ಇಲ್ಲ. ಪ್ರಾಥಮಿಕ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ 1, 2, 3 ಬರೆಯಲು ಕಲಿಸಿದ, ಡಿಗ್ರಿ ಇಲ್ಲದ ನಮಗೂ ಇಲ್ಲ. ಇರಲಿ.

ಕೊಡಗಿನ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. 1952ರಲ್ಲಿ ಕೊಡಗು ಸ್ವತಂತ್ರ ರಾಜ್ಯವಾಗಿತ್ತು. ಮಡಿಕೇರಿಯಲ್ಲೇ 24 ಮಂದಿಯ ವಿಧಾನಸಭೆ. 18 ಕ್ಷೇತ್ರಗಳಲ್ಲಿ ಆರಕ್ಕೆ ಇಬ್ಬಿಬ್ಬರು ಸದಸ್ಯರು. ಮೈಸೂರಿನೊಡನೆ ಕೂಡಬೇಕೆ ಬೇಡವೆ ಎಂಬುದೇ ಅಂದಿನ ದೊಡ್ಡ ಪ್ರಶ್ನೆ. ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷ ಬೇಡವೆಂದಿತು. ಕಾಂಗ್ರೆಸ್ಸಿಗೆ 15, ಪಕ್ಷೇತರರಿಗೆ 9 ಸ್ಥಾನ ಬಂದು ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಆ ಸಭೆ ಇಲ್ಲವಾಯಿತು. 1951ರ ಜನಗಣತಿಯಲ್ಲಿ ಕೊಡಗಿನ ಜನ 2,29,405. ಅಂದರೆ ಹತ್ತು ಸಾವಿರ ಜನಕ್ಕೂ ಕಡಿಮೆಗೆ ಒಬ್ಬ ಶಾಸಕ. ಅಂದು ಯಾರು ಗೆಲ್ಲುತ್ತಾರೆಂದು ಹೇಳಲು ಸಮೀಕ್ಷೆ ಬೇಕಿರಲಿಲ್ಲ. ಸಂತೆಯಲ್ಲಿ ಒಂದು ಸುತ್ತು ಬಂದರೆ ಸಾಕಿತ್ತು. 2011ರಲ್ಲಿ ಜನ 5,54,519, ಶಾಸಕರು ಇಬ್ಬರು! ಹಿಂದೆ ಮೂರು ಕ್ಷೇತ್ರಗಳಿದ್ದವು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. 2008ರ ಪುನರ್ವಿಂಗಡಣೆಯಲ್ಲಿ ಒಂದು ಹೋಯಿತು. ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು, ಆ ಮೀಸಲೂ ಹೋಯಿತು. ಹಾಡಿಯ ಜನರಿಗೆ ವಿಧಾನಸಭೆಯಲ್ಲಿದ್ದ ಒಂದು ಬಾಗಿಲು ಮುಚ್ಚಿದ ದಿನ ಯಾವ ಪಕ್ಷದ ಕಚೇರಿಯಲ್ಲೂ ಬಾವುಟ ಕೆಳಗಿಳಿಯಲಿಲ್ಲ.

ಈಗ ಭವಿಷ್ಯವಾಣಿಯ ವ್ಯಾಪಾರಕ್ಕೆ ಬರೋಣ. ಮತದಾನ ಪೂರ್ತಿ ಮುಗಿಯುವ ತನಕ ಮತಗಟ್ಟೆ ಸಮೀಕ್ಷೆಯನ್ನು ಪ್ರಕಟಿಸಕೂಡದೆಂದು ಕಾನೂನಿದೆ. ಮುಗಿದ ಮರುಗಳಿಗೆಯಿಂದ ಹಬ್ಬ. 2024ರ ಜೂನ್ 1ರ ಸಂಜೆ ಕೇಂದ್ರದ ಆಡಳಿತ ಕೂಟಕ್ಕೆ 350ಕ್ಕೂ ಮೇಲೆಂದು ಒಬ್ಬರಮೇಲೊಬ್ಬರು ಕೂಗಿದರು. ಜೂನ್ 3ರಂದು ಷೇರುಪೇಟೆಯ ಸೂಚ್ಯಂಕ 2,500 ಅಂಶ ಏರಿತು. ಮರುದಿನ ಎಣಿಕೆಯಲ್ಲಿ ಕೂಟಕ್ಕೆ 293, ಬಿಜೆಪಿಗೆ 240 ಎಂದಾಗ ಸುಮಾರು 4,390 ಅಂಶ ಕುಸಿಯಿತು. ಆ ಎರಡು ದಿನಗಳಲ್ಲಿ ಏರಿದ ಬೆಲೆಗೆ ಕೊಂಡವರು ಯಾರು? ಟೀವಿ ನೋಡಿ ನಂಬಿದ ಸಣ್ಣವರು. ನಮ್ಮ ಪೇಟೆಯ ಒಬ್ಬ ಕಿರಾಣಿ ಮಿತ್ರರು ಷೇರಿಗೆ ಹೋಗಲಿಲ್ಲ, ಬಾಜಿ ಕಟ್ಟಿದರು, ಸ್ಕೂಟರು ಹೋಯಿತು. ಅವರು ಈಗಲೂ ಸಾಮಾನನ್ನು ನಡೆದೇ ತರುತ್ತಾರೆ, ಈಗಲೂ ಭವಿಷ್ಯ ಹೇಳುತ್ತಾರೆ!

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನು ಟೀವಿಯಲ್ಲಿ ಹೇಳುವುದಿಲ್ಲ. ನಮ್ಮಲ್ಲಿ ಯಂತ್ರದ ಎಣಿಕೆ ಮತಗಟ್ಟೆವಾರು ಆಗುತ್ತದೆ. ಯಾವ ಗಟ್ಟೆಯಲ್ಲಿ ಯಾರಿಗೆ ಎಷ್ಟೆಂಬುದು ನಮೂನೆ 20ರಲ್ಲಿ ಅಚ್ಚಾಗಿ ಹೊರಬರುತ್ತದೆ. ಮುಂದಿನ ಚುನಾವಣೆಯ ಭವಿಷ್ಯಕ್ಕೆ ಇದೇ ಮೂಲದ್ರವ್ಯ. ಪಟ್ಟಣದ ದೊಡ್ಡ ಬಡಾವಣೆಗೆ ಇದರಿಂದ ಏನೂ ಆಗದು. ಆದರೆ ಕೆಲವೇ ನೂರು ಓಟಿನ ಹಾಡಿಗೆ, ಎಸ್ಟೇಟಿನ ಲೈನ್ ಮನೆಗಳಿಗೆ? ಇವರು ನಮಗೆ ಹಾಕಲಿಲ್ಲ ಎಂದು ಬೆರಳಿಟ್ಟು ತೋರಿಸಬಹುದು. ರಸ್ತೆ ತಪ್ಪಿಸಬಹುದು, ಬೋರ್‌ವೆಲ್ ತಪ್ಪಿಸಬಹುದು. ಹಲವು ಗಟ್ಟೆಗಳ ಓಟನ್ನು ಕೂಡಿಸಿ ಎಣಿಸುವ ಯಂತ್ರ ಬೇಕೆಂದು ಚುನಾವಣಾ ಆಯೋಗವೇ 2008ರಲ್ಲಿ ಕೇಳಿತು. 2015ರಲ್ಲಿ ಕಾನೂನು ಆಯೋಗವೂ ಹೌದೆಂದಿತು. ಯಂತ್ರ ಬರಲಿಲ್ಲ.

ಐರ್ಲೆಂಡಿನ ಟ್ಯಾಲಿಯವರಿಗೂ ಪೆಟ್ಟಿಗೆವಾರು ಲೆಕ್ಕ ತಿಳಿಯುತ್ತದಲ್ಲ ಎಂದು ಓದುಗರು ಕೇಳಬಹುದು. ತಿಳಿಯುತ್ತದೆ. ಆದರೆ ಅಲ್ಲಿಯ ಉಮೇದುವಾರನಿಗೆ ಇನ್ನೊಬ್ಬನ ಬೆಂಬಲಿಗರ ಎರಡನೆಯ, ಮೂರನೆಯ ಅಂಕಿಯೂ ಬೇಕು. ತನಗೆ ಮೊದಲ ಓಟು ಹಾಕದ ಹಳ್ಳಿಯನ್ನು ಸುಡುಗಣ್ಣಿನಿಂದ ನೋಡಿದರೆ ಮುಂದಿನ ಸಲ ಆ ಎರಡನೆಯ ಅಂಕಿಯೂ ಇಲ್ಲ. ನಮ್ಮ ಪದ್ಧತಿಯಲ್ಲಿ ಆ ಅಂಜಿಕೆಗೆ ಜಾಗವೇ ಇಲ್ಲ. ಶೇಕಡ 40 ಕೂಡಿತೆ, ಮಿಕ್ಕ 60ರ ಮುಖ ನೋಡಬೇಕಾಗಿಲ್ಲ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಗುಡಿಸಲುಗಳನ್ನು ಕೆಡವಿದರು. ಹೋರಾಟದ ನಂತರ ಹಲವು ಕುಟುಂಬಗಳನ್ನು ಬಸವನಹಳ್ಳಿಗೂ ಬ್ಯಾಡಗೊಟ್ಟಕ್ಕೂ ಕಳಿಸಿದರು. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. 2018ರ ಚುನಾವಣೆಯಲ್ಲಾಗಲಿ 2023ರಲ್ಲಾಗಲಿ ನಾವು ಓದಿದ ಒಂದು ಸಮೀಕ್ಷೆಯಲ್ಲಾದರೂ ಹಾಡಿಯವರಿಗೆ ಒಂದು ಸಾಲು ಇರಲಿಲ್ಲ. ನಮ್ಮ ಸ್ವಂತ ಲೆಕ್ಕದಲ್ಲೂ ಇರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತೇವೆ. ಐದು ಸಾವಿರದೊಳಗಿನ ಅಂತರದ ಎರಡು ಕ್ಷೇತ್ರಗಳಲ್ಲಿ ಹಾಡಿಗಳ, ಲೈನ್ ಮನೆಗಳ, ಗಿರಣಿ ಕೇರಿಗಳ ಓಟು ಸೇರಿದರೆ ಏನಾದೀತೆಂದು ಚಹಾದಂಗಡಿಯ ಮೂವರು ಪಂಡಿತರೂ ಕೂಡಿಸಿ ನೋಡಿರಲಿಲ್ಲ.

2026ರ ನಂತರದ ಜನಗಣತಿಯ ಮೇಲೆ ಕ್ಷೇತ್ರಗಳನ್ನು ಮತ್ತೆ ಹರಿದು ಹೊಲಿಯುವ ಕೆಲಸ ಬರಲಿದೆ. ಕೊಡಗಿಗೆ ಎರಡೋ ಮೂರೋ, ಮೀಸಲು ಮರಳುವುದೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಲೋಕಸಭೆಗೆ ನಮ್ಮನ್ನು 2008ರ ತನಕ ಮಂಗಳೂರಿಗೆ ಕಟ್ಟಿದ್ದರು, ಆಮೇಲೆ ಮೈಸೂರಿಗೆ ಕಟ್ಟಿದರು. ಯಾರನ್ನು ಕೇಳಿ ಕಟ್ಟಿದರೋ! ಆಕ್ಷೇಪಣೆ ಸಲ್ಲಿಸುವ ಅವಕಾಶ ಬಂದಾಗ ಗಿರಣಿ ಸಂಘವೂ ವರ್ತಕರ ಸಂಘವೂ ಹಾಡಿಯ ಹಿರಿಯರೂ ಒಂದೇ ಅರ್ಜಿಗೆ ರುಜು ಹಾಕಬೇಕೆಂದು ನಮ್ಮ ಸೂಚನೆ. ಅರ್ಜಿಯ ಕರಡನ್ನು ನಾವು ಬರೆಯುತ್ತಿದ್ದೇವೆ. ಅದಕ್ಕೆ ಮುಂಚೆ, ನಿಮ್ಮ ನಿಮ್ಮ ಮತಗಟ್ಟೆಯ 2023ರ ನಮೂನೆ 20ರ ಲೆಕ್ಕವನ್ನೂ, ಆ ಬಳಿಕ ಅಲ್ಲಿ ಏನು ಆಯಿತು, ಏನು ಆಗಲಿಲ್ಲವೆಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಕಚೇರಿಗೆ ತಲುಪಿಸಿರಿ. ದುಬಾರೆಯ ಹಾಳೆಯನ್ನು ನಾವೇ ಹೋಗಿ ಬರೆದು ತರುತ್ತೇವೆ.