ಜಾತ್ರೆಗೆ ಬೇಕಾದ ನಾಟಕ ಕಾಲೇಜಿಗೆ ಯಾಕೆ ಬೇಡ?

ಜಾತ್ರೆಗೆ ಎರಡು ತಿಂಗಳಿರುವಾಗ ಮಾನ್ವಿ ತಾಲ್ಲೂಕಿನ ಹಳ್ಳಿಗಳ ಕಡೆ ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಹೋಗಿ ನೋಡಿ. ಗುಡಿಯ ಕಟ್ಟೆಯ ಮೇಲೋ ಶಾಲೆಯ ಪಡಸಾಲೆಯಲ್ಲೋ ತಾಲೀಮು ನಡೆದಿರುತ್ತದೆ. ಹಾರ್ಮೋನಿಯಂ ಮುಂದಿಟ್ಟುಕೊಂಡು ಮಾಸ್ತರರು ಕೂತಿರುತ್ತಾರೆ. ಹಗಲೆಲ್ಲ ಭತ್ತದ ಗದ್ದೆಗೆ ಎಣ್ಣೆ ಹೊಡೆದು ಬಂದ ಹುಡುಗ ನೋಟ್‌ಬುಕ್‌ನಲ್ಲಿ ಬರೆದುಕೊಂಡ ಮಾತುಗಳನ್ನು ಒಪ್ಪಿಸುತ್ತಿರುತ್ತಾನೆ. ಉಸಿರು ತಪ್ಪಿದ ಕಡೆ ಮಾಸ್ತರರು ಕೈಯೆತ್ತಿ ನಿಲ್ಲಿಸುತ್ತಾರೆ, ಹುಡುಗ ಮತ್ತೆ ಮೊದಲಿನಿಂದ ಹಿಡಿಯುತ್ತಾನೆ. ಸೀನರಿಯ ಬಾಡಿಗೆ, ಮೈಕಿನ ಖರ್ಚು, ಹೊರಗಿನಿಂದ ಕರೆಸುವ ಕಲಾವಿದೆಯರ ಸಂಭಾವನೆ ಎಲ್ಲಕ್ಕೂ ಪಟ್ಟಿ ಎತ್ತಿ ಊರೇ ಹಣ ಹೊಂದಿಸುತ್ತದೆ.

ಅದೇ ಹುಡುಗ ಮುಂಜಾನೆ ಪದವಿ ಕಾಲೇಜಿಗೆ ಹೋಗಿ, ನಾಟಕ ಓದಬೇಕು ಎಂದರೆ ಏನಾಗುತ್ತದೆ? ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತಗೋ ಎನ್ನುತ್ತಾರೆ. ಮನೆಯಲ್ಲಿ ಹೇಳಿದರೆ, ‘ನಾಟಕ ಓದಿ ಏನ್ ಮಾಡ್ತೀಯಪಾ, ನೌಕರಿ ಯಾರು ಕೊಡ್ತಾರ?’ ಎಂಬ ಪ್ರಶ್ನೆ ಬರುತ್ತದೆ. ರಾತ್ರಿ ಚಪ್ಪಾಳೆ ತಟ್ಟುವ ಊರು ಹಗಲು ಅದೇ ವಿದ್ಯೆಯನ್ನು ವಿದ್ಯೆಯೆಂದು ಒಪ್ಪುವುದಿಲ್ಲ. ಇದು ಅನ್ಯಾಯ. ರಾಯಚೂರಿನ ವಿಶ್ವವಿದ್ಯಾಲಯ ರಂಗಭೂಮಿಯನ್ನು ಪದವಿಯ ವಿಷಯವಾಗಿ ತೆರೆಯಬೇಕು. ರಾಯಚೂರು ನಗರದ ಜೊತೆಗೆ ದೇವದುರ್ಗ, ಮಾನ್ವಿಯ ಕಾಲೇಜುಗಳಲ್ಲೂ ಅದು ಸಿಗಬೇಕು.

ಈ ಮಾತು ಎತ್ತಿದಾಗಲೆಲ್ಲ ಮೂರು ಆಕ್ಷೇಪಗಳು ಕೇಳಿಬರುತ್ತವೆ. ಮೊದಲನೆಯದು, ಹಸಿದ ಜಿಲ್ಲೆಗೆ ನಾಟಕ ಯಾಕೆ ಎಂಬುದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ಇದ್ದಾಗ ರಾಯಚೂರು ಜಿಲ್ಲೆ ಶೇ 60ನ್ನೂ ಮುಟ್ಟಿರಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ, ಮಾನ್ವಿ ಎರಡೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿವೆ. ಐಐಟಿ ಕೇಳಿದೆವು, ಅದು ಧಾರವಾಡಕ್ಕೆ ಹೋಯಿತು. ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಧರಣಿ ಕೂತ ಜನ ಸಾವಿರ ದಿನ ದಾಟಿದರೂ ಏಳಲಿಲ್ಲ. ಆ ಹೋರಾಟಕ್ಕೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಹಿಂದುಳಿದ ಜಿಲ್ಲೆಯ ಮಕ್ಕಳು ಹೊಟ್ಟೆಪಾಡಿನ ವಿದ್ಯೆಯನ್ನಷ್ಟೇ ಓದಬೇಕು, ಕಲೆಯನ್ನು ಮೈಸೂರು ಬೆಂಗಳೂರಿನವರು ಓದಲಿ ಎನ್ನುವುದು ಹಿಂದುಳಿದಿರುವಿಕೆಯನ್ನು ಇನ್ನಷ್ಟು ಗಟ್ಟಿ ಮಾಡುವ ಮಾತು.

ಲೆಕ್ಕವನ್ನೇ ನೋಡೋಣ. ಸಂವಿಧಾನದ 371ಜೆ ಕಲಮಿನ ಅಡಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿಯ ಮಕ್ಕಳಿಗೆ ಮೀಸಲು. ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಈ ಪ್ರಮಾಣ ಬರೀ ಶೇ 8. ನಾಟಕದ ಪದವಿ ಐನೂರು ಕಿಲೋಮೀಟರ್ ಆಚೆಯ ಮೈಸೂರಿನಲ್ಲಿದ್ದರೆ ನಮಗೆ ಬರುವುದು ಎಂಟರ ಪಾಲು. ಅದಕ್ಕೂ ಹಾಸ್ಟೆಲ್ಲು, ಊಟ, ಬಸ್ ಚಾರ್ಜಿನ ದುಡ್ಡು ಬೇರೆ. ಮನೆಮಂದಿಯೆಲ್ಲ ಗುಳೆ ಹೋಗುವ ದೇವದುರ್ಗದ ಕುಟುಂಬ ಈ ಭಾರ ಹೊತ್ತೀತೆ? ಕೋರ್ಸು ಇಲ್ಲೇ ಇದ್ದರೆ ಎಪ್ಪತ್ತರ ಪಾಲು ನಮ್ಮದು.

ಎರಡನೆಯ ಆಕ್ಷೇಪ ರಂಗಭೂಮಿಯವರದೇ. ನಾಟಕ ಕ್ಲಾಸಿನಲ್ಲಿ ಕಲಿಯುವಂಥದ್ದಲ್ಲ, ನಮ್ಮ ಹಿರಿಯರು ಯಾವ ಪದವಿ ಮಾಡಿದ್ದರು ಎಂದು ಅವರು ಕೇಳುತ್ತಾರೆ. ಕಂಪನಿ ನಾಟಕದ ಹಿರಿಯರು ವರ್ಷಗಟ್ಟಲೆ ಗುರುವಿನ ಹಿಂದೆ ಊರೂರು ತಿರುಗಿ ಕಲಿತರು. ಅವರ ಪಾಲಿಗೆ ಕಂಪನಿಯೇ ಕಾಲೇಜು. ಆ ಕಂಪನಿಗಳು ಒಂದೊಂದಾಗಿ ಪರದೆ ಇಳಿಸಿವೆ, ಅವುಗಳ ಜಾಗಕ್ಕೆ ಏನು ಬಂತು? ಕೆ.ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ಹೆಗ್ಗೋಡಿನಲ್ಲಿ ರಂಗಶಿಕ್ಷಣ ಕೇಂದ್ರ ತೆರೆದು ದಾರಿ ತೋರಿಸಿತು. ಸಾಣೇಹಳ್ಳಿಯ ರಂಗಶಾಲೆ, ಮೈಸೂರು ರಂಗಾಯಣದ ಶಿಕ್ಷಣ ಕೇಂದ್ರಗಳೂ ಒಳ್ಳೆಯ ನಟರನ್ನು ತಯಾರು ಮಾಡಿವೆ. ಆದರೆ ಇವೆಲ್ಲ ಒಂದು ವರ್ಷದ ಡಿಪ್ಲೊಮಾಗಳು. ಪದವಿ ಕೇಳುವ ನೌಕರಿಯ ಅರ್ಜಿಯಲ್ಲಿ ಡಿಪ್ಲೊಮಾ ಲೆಕ್ಕಕ್ಕೆ ಬರುವುದಿಲ್ಲ. ಕೇರಳದ ಕಲ್ಲಿಕೋಟೆ ವಿಶ್ವವಿದ್ಯಾಲಯ 1977ರಲ್ಲೇ ತ್ರಿಶೂರಿನಲ್ಲಿ ನಾಟಕ ಶಾಲೆ ತೆರೆದು ಸ್ನಾತಕ ಪದವಿ ಕೊಡುತ್ತಾ ಬಂದಿದೆ. ಅದರಿಂದ ಅಲ್ಲಿಯ ರಂಗಭೂಮಿ ಒಣಗಲಿಲ್ಲ, ಚಿಗುರಿತು.

ಮೂರನೆಯ ಆಕ್ಷೇಪ ನೌಕರಿಯದು. ಇದು ನಿಜವಾದ ಆತಂಕ, ತಳ್ಳಿಹಾಕಬಾರದು. ಇದಕ್ಕೆ ಉತ್ತರ ಪದವಿಯ ರಚನೆಯಲ್ಲೇ ಇದೆ. ರಾಜ್ಯ ಸರ್ಕಾರ 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಬಿ.ಎ.ಯ ಮೂರು ವಿಷಯಗಳಲ್ಲಿ ರಂಗಭೂಮಿ ಒಂದಾಗಲಿ. ಕನ್ನಡ, ಇತಿಹಾಸ, ರಂಗಭೂಮಿ ಓದಿದ ಹುಡುಗಿ ಇತಿಹಾಸದ ಮೇಲೆ ಬಿ.ಇಡಿ. ಮಾಡಬಹುದು, ಪಿಡಿಒ ಪರೀಕ್ಷೆಗೂ ಕೂರಬಹುದು. ಯಾವ ಬಾಗಿಲೂ ಮುಚ್ಚುವುದಿಲ್ಲ, ಇನ್ನೊಂದು ತೆರೆಯುತ್ತದೆ.

ನಾಟಕ ಬಲ್ಲವರು ಸರ್ಕಾರಕ್ಕೇ ಬೇಕಾಗಿದ್ದಾರೆ. ಬಾಲ್ಯವಿವಾಹ ತಡೆಯಲು, ಅಪೌಷ್ಟಿಕತೆಯ ಬಗ್ಗೆ ಹೇಳಲು, ಹತ್ತಿ ಹೊಲಕ್ಕೆ ಹೋಗುವ ಮಕ್ಕಳನ್ನು ಶಾಲೆಗೆ ಕರೆತರಲು ಇಲಾಖೆಗಳು ಬೀದಿನಾಟಕದ ಮೊರೆ ಹೋಗುತ್ತವೆ. ತಂಡಗಳಿಗೆ ದಿನದ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಳಿಸುತ್ತವೆ. ಹಿಂದೊಮ್ಮೆ ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿತ್ತು. ತರಗತಿಯಲ್ಲಿ ಬಾಯಿ ಬಿಡದ ಮಗು ರಂಗದ ಮೇಲೆ ನಿಂತು ಮಾತಾಡುವುದನ್ನು ಕಂಡ ಯಾವ ಮೇಷ್ಟ್ರೂ ಆ ನೇಮಕಾತಿ ದಂಡ ಎನ್ನಲಾರರು. ಪದವಿ ಆರಂಭವಾಗುವ ದಿನವೇ ಈ ಹುದ್ದೆಗಳ ನೇಮಕಾತಿಗೂ ಆದೇಶ ಹೊರಡಬೇಕು.

ಹೆಣ್ಣುಮಕ್ಕಳ ವಿಚಾರವನ್ನು ಒತ್ತಿ ಹೇಳಬೇಕು. ನಮ್ಮ ಹಳ್ಳಿ ನಾಟಕಗಳಿಗೆ ಕಲಾವಿದೆಯರು ಹೊರಗಿನಿಂದಲೇ ಬರಬೇಕು. ಊರಿನ ಹೆಣ್ಣುಮಕ್ಕಳು ಚಾಪೆ ಹಾಸಿಕೊಂಡು ಬೆಳಗಿನವರೆಗೆ ನೋಡುತ್ತಾರೆ, ರಂಗ ಹತ್ತುವುದಿಲ್ಲ. ಬಣ್ಣ ಹಚ್ಚಿದವಳ ಬಗ್ಗೆ ಊರು ಆಡುವ ಮಾತಿಗೆ ಹೆದರುತ್ತಾರೆ. ಅದೇ ವಿದ್ಯೆ ಕಾಲೇಜಿನ ಅಂಕಪಟ್ಟಿಯಲ್ಲಿ ಬಂದರೆ ತಂದೆತಾಯಿಗೂ ಧೈರ್ಯ ಬರುತ್ತದೆ, ರಂಗದ ಮೇಲಿನ ಹೆಣ್ಣಿಗೆ ಸಲ್ಲಬೇಕಾದ ಗೌರವವೂ ಸಲ್ಲುತ್ತದೆ.

ಪಠ್ಯಕ್ಕೆ ಬರಗಾಲವೂ ಇಲ್ಲ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿಯವರು. ತಂಬೂರಿ ಹಿಡಿದು ಜನರ ನಡುವೆ ನಿಂತು ಹಾಡುವ ಪರಂಪರೆ ಇದು. ಜೊತೆಗೆ ದೊಡ್ಡಾಟವಿದೆ, ಬುರ್ರಕಥೆಯಿದೆ, ಮೊಹರಂನಲ್ಲಿ ಹಿಂದೂ ಮುಸ್ಲಿಮರು ಕೂಡಿ ಕುಣಿಯುವ ಅಲಾಯಿ ಇದೆ. ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರು ‘ದೀನಬಂಧು ಕಬೀರ’ ನಾಟಕವನ್ನೂ ಬರೆದವರು. ಅವರಿಗೆ ಶಾಲೆ ಮತ್ತು ರಂಗ ಬೇರೆಬೇರೆ ಆಗಿರಲಿಲ್ಲ.

ದುಡ್ಡಿನ ನೆಪವೂ ಬೇಡ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ರಾಯಚೂರಿನಲ್ಲಿ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರವಿದೆ, ಕಲಬುರಗಿಯಲ್ಲಿ ರಂಗಾಯಣವಿದೆ. ಹೊಸ ಕಟ್ಟಡಕ್ಕೆ ಕಾಯಬೇಕಿಲ್ಲ. ಬೇಕಾದ್ದು ಕಾಯಂ ಅಧ್ಯಾಪಕರು. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಭಾರ ಹಾಕಿ ಬೋರ್ಡು ನೇತುಹಾಕುವುದಾದರೆ ಅಂಥ ವಿಭಾಗ ನಮಗೆ ಬೇಡ.

ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಈಗ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರಿದೆ. ಕಾವ್ಯವನ್ನು ಬರೆದು ಸುಮ್ಮನಾದ ಋಷಿಯಲ್ಲ ಆತ. ಕುಶ ಲವರೆಂಬ ಇಬ್ಬರು ಹುಡುಗರಿಗೆ ಅದನ್ನು ಹಾಡಲು ಕಲಿಸಿ ರಾಮನ ಸಭೆಯಲ್ಲೇ ನಿಲ್ಲಿಸಿದ ಗುರು. ನಟನಿಗೆ, ಗಾಯಕನಿಗೆ ಸಂಸ್ಕೃತದಲ್ಲಿ ಕುಶೀಲವ ಎಂಬ ಹೆಸರೇ ಇದೆ. ಆ ಗುರುವಿನ ಹೆಸರು ಹೊತ್ತ ವಿಶ್ವವಿದ್ಯಾಲಯದಲ್ಲಿ ಆಡಿ ಹಾಡುವ ವಿದ್ಯೆಗೆ ಒಂದು ಕೋಣೆ ಇರಲೇಬೇಕು. ಕುಲಪತಿಗಳು, ವಿದ್ಯಾವಿಷಯಕ ಪರಿಷತ್ತಿನ ಸದಸ್ಯರು, ಈ ಮೂರೂ ಊರಿನ ಜನಪ್ರತಿನಿಧಿಗಳು ಮುಂದಿನ ಶೈಕ್ಷಣಿಕ ವರ್ಷಕ್ಕೇ ಇದನ್ನು ಜಾರಿಗೆ ತರಬೇಕು. ತಾಲೀಮಿನ ಕಟ್ಟೆಯ ಮೇಲೆ ಕೂತ ನಮ್ಮ ಮಕ್ಕಳು ಪ್ರವೇಶದ ಅರ್ಜಿಗಾಗಿ ಕಾಯುತ್ತಿದ್ದಾರೆ.