ಬ್ಯಾಟರಿ ಬದಲಿಸುವ ಮುನ್ನ ಅರ್ಥಿಂಗ್ ಪಟ್ಟಿ ನೋಡಿ

ಹರಿಯಬ್ಬೆ, ಧರ್ಮಪುರದ ಕಡೆ ಎರಡು ಮೂರು ಎಕರೆ ಅಡಿಕೆ ಇರುವವರಿಗೆ ಹಳೆಯ ಪಿಕಪ್ ಗಾಡಿಯೇ ಆಧಾರ. ಗೊಬ್ಬರ, ಪೈಪು, ಕೆಟ್ಟ ಮೋಟಾರು, ಹಸಿ ಅಡಿಕೆ ಎಲ್ಲವೂ ಅದರಲ್ಲೇ ಸಾಗಬೇಕು. ಕೊಯ್ದ ಕಾಯಿ ತುಂಬಿಕೊಂಡು ನಿಂತ ಗಾಡಿ ಬೆಳಿಗ್ಗೆ ‘ಟಕ್’ ಎಂದು ಸುಮ್ಮನಾದರೆ ಸುಲಿಯುವವರ ಕೂಲಿಯೂ ದಂಡ. ಆಗ ಎಲ್ಲರೂ ಹೇಳುವುದು ಒಂದೇ: ಬ್ಯಾಟರಿ ಹೋಯಿತು. ಸಾವಿರಾರು ರೂಪಾಯಿ ತೆತ್ತು ಹೊಸದು ತರುತ್ತೇವೆ, ನಾಲ್ಕು ದಿನ ಕಳೆದು ಮತ್ತೆ ಅದೇ ‘ಟಕ್’. ಈ ಆತುರದ ಖರ್ಚನ್ನು ನಾವು ಬಿಡಬೇಕೆಂದು ನನ್ನ ಅಭಿಪ್ರಾಯ.

ಕೊಳವೆ ಬಾವಿ ನಂಬಿದ ನಮಗೆ ಇದರ ಮರ್ಮ ಹೊಸದಲ್ಲ. ಸಣ್ಣ ತಂತಿಯನ್ನು ದೂರ ಎಳೆದರೆ ಮೋಟಾರು ಗುಂಯ್ ಎನ್ನುವುದೇ ಹೊರತು ನೀರೆತ್ತುವುದಿಲ್ಲ. ಗಾಡಿಯಲ್ಲಿರುವುದು ಬರೀ 12 ವೋಲ್ಟು. ಸ್ಟಾರ್ಟರ್ ಎಳೆಯುವುದು 200 ಆಂಪಿಯರ್ ಆಸುಪಾಸು. ದಾರಿಯಲ್ಲಿ ಒಂದು ಓಮ್‌ನ ನೂರನೆಯ ಒಂದು ಪಾಲು ತಡೆ ಇದ್ದರೂ 2 ವೋಲ್ಟು ಅಲ್ಲೇ ಸೋರಿಹೋಗುತ್ತದೆ.

ಆ ತಡೆ ಹೆಚ್ಚಾಗಿ ಅಡಗಿರುವುದು ಅರ್ಥಿಂಗ್ ಪಟ್ಟಿಯಲ್ಲಿ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಆದುದರಿಂದ ಚಾಸಿಗೂ ಎಂಜಿನ್ನಿಗೂ ನಡುವೆ ಇರುವ ಹೆಣೆದ ತಾಮ್ರದ ಪಟ್ಟಿಯೇ ಕರೆಂಟು ಹಿಂತಿರುಗುವ ದಾರಿ. ಅದು ಕಿತ್ತಿದ್ದರೆ ಕರೆಂಟು ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು ಹಿಡಿದು ಹೋಗುತ್ತದೆ. ಸ್ಟಾರ್ಟ್ ಮಾಡುವಾಗ ಆ ಕೇಬಲ್ ಬಿಸಿಯಾದರೆ ಬೇರೆ ಸಾಕ್ಷಿ ಬೇಡ. ನಮ್ಮ ಗಾಡಿಗಳಿಗೆ ಈ ಕಾಯಿಲೆ ಬೇಗ ಬರುವುದಕ್ಕೆ ಕಾರಣವೂ ನಾವೇ ಹೊರುವ ಸರಕು. ಪೊಟ್ಯಾಷ್ ಪುಡಿ ತೇವ ಹಿಡಿದರೆ ಕಬ್ಬಿಣವನ್ನು ತಿನ್ನುತ್ತದೆ. ಮಲೆನಾಡಿನವರ ಗಾಡಿಯಲ್ಲಿ ಚೆಲ್ಲುವ ಮೈಲುತುತ್ತವೂ ಅಷ್ಟೇ. ಬೋಲ್ಟು ಬಿಚ್ಚಿ, ಕೆಳಗಿನ ಬಣ್ಣ, ತುಕ್ಕು ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ ಗ್ರೀಸ್ ಸವರಿದರೆ ಅರ್ಧ ಗಂಟೆಯ ಕೆಲಸ.

ಮೀಟರ್ ಇದ್ದರೆ ಊಹೆಯೇ ಬೇಡ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸ್ಟಾರ್ಟ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ದೋಷ ಆ ದಾರಿಯಲ್ಲೇ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟು ತೋರಬೇಕು, ಎಂಜಿನ್ ಓಡುವಾಗ 14ರ ಹತ್ತಿರ. ಓಡುವಾಗಲೂ 13 ದಾಟದಿದ್ದರೆ ಆಲ್ಟರ್ನೇಟರನ್ನೋ ಅದರ ಬೆಲ್ಟನ್ನೋ ನೋಡಬೇಕು. ಹಳೆಯ ಡೀಸೆಲ್ ಎಂಜಿನ್, ಅದರಲ್ಲೂ ಎಳೆದು ನಿಲ್ಲಿಸುವ ತಂತಿಯದು, ಒಮ್ಮೆ ಹೊತ್ತಿದರೆ ಕರೆಂಟಿಲ್ಲದೆಯೂ ಓಡುವುದರಿಂದ ಈ ದೋಷ ಕತ್ತಲಾಗಿ ದೀಪ ಮಂಕಾಗುವವರೆಗೆ ತಿಳಿಯುವುದೇ ಇಲ್ಲ.

ಮೀಟರ್ ಇಲ್ಲದವರು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ನೆಗೆಟಿವ್ ಬಿಚ್ಚಿ ಒಂದು ರಾತ್ರಿ ಬಿಡಲಿ. ಬೆಳಿಗ್ಗೆ ಜೋಡಿಸಿದಾಗ ಸ್ಟಾರ್ಟ್ ಆಗಿ, ಬಿಚ್ಚದ ರಾತ್ರಿ ಮಾತ್ರ ಸಾಯುವುದಾದರೆ ವೈರಿಂಗಿನಲ್ಲಿ ಎಲ್ಲೋ ಸೋರಿಕೆ ಉಂಟು. ಬಿಚ್ಚಿಟ್ಟರೂ ಸತ್ತರೆ, ಆಗ ಹೊಸ ಬ್ಯಾಟರಿ ಕೊಳ್ಳುವುದು ನ್ಯಾಯ. ಫ್ಯೂಸು ಹೋಯಿತೆಂದು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಜಾಣತನ ಮಾತ್ರ ಬೇಡ. ಫ್ಯೂಸಿನ ಬದಲು ಗಾಡಿಯೇ ಸುಟ್ಟೀತು.

ಒಂದು ಮೀಟರಿಗೆ ತಗಲುವುದು ಕೆಲವು ನೂರು ರೂಪಾಯಿ. ಪ್ರತಿ ಸಹಕಾರ ಸಂಘದ ಗೊಬ್ಬರದ ಡಿಪೋದಲ್ಲಿ ಒಂದನ್ನಿಟ್ಟು, ಸದಸ್ಯರಿಗೆ ದಿನದ ಮಟ್ಟಿಗೆ ಎರವಲು ಕೊಡುವಂತೆ ಮುಂದಿನ ಸಭೆಯಲ್ಲಿ ಕೇಳಬೇಕು. ಕೆಲಸಕ್ಕೆ ಕೈ ಹಾಕುವಾಗ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ. ಸ್ಪಾನರ್ ಬಾಡಿಗೆ ತಗಲಿದರೂ ಕಿಡಿ ಹಾರುವುದಿಲ್ಲ.