ಅಪಘಾತ ವಹಿಯಲ್ಲಿ ಬರೆಯದೆ ಉಳಿದ ಗಾಯ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ತಗಡಿನ ಸೂರುಗಳ ಕೆಳಗೆ ಪವರ್ ಪ್ರೆಸ್ಸಿನೆದುರು ಕುಳಿತು, ಒಂದು ಕೈಯಿಂದ ಲೋಹದ ಪಟ್ಟಿಯನ್ನು ಡೈಯೊಳಕ್ಕೆ ಸರಿಸಿ, ಕಾಲಿನಿಂದ ಪೆಡಲನ್ನೊತ್ತಿ, ಮತ್ತೊಂದು ಕೈಯಿಂದ ಸಿದ್ಧವಾದ ಬಿಲ್ಲೆಯನ್ನು ತೆಗೆಯುವ ಕಾರ್ಮಿಕನು ಒಂದೇ ಪಾಳಿಯಲ್ಲಿ ಸಾವಿರಾರು ಬಾರಿ ಈ ಕ್ರಿಯೆಯನ್ನು ಪುನರಾವರ್ತಿಸುವಾಗ, ಯಾವುದೋ ಒಂದು ಬಾರಿ ಪಾದವು ಕೈಗಿಂತ ಕ್ಷಣಮಾತ್ರ ಮುಂದಾದರೂ ಸಾಕು, ಬೆರಳು ಹೋಗುತ್ತದೆ. ಎರಡು ಕೈಗಳೂ ಗುಂಡಿಗಳ ಮೇಲಿದ್ದ ಹೊರತು ಯಂತ್ರವು ಇಳಿಯದಂತೆ ಮಾಡುವ ವ್ಯವಸ್ಥೆಯು ಬಹುಕಾಲದಿಂದ ಲಭ್ಯವಿದ್ದರೂ, ಉತ್ಪಾದನೆ ತಗ್ಗೀತೆಂದು ಅದನ್ನು ಕಳಚಿಡುವ ಕಾರ್ಖಾನೆಗಳುಂಟು. ಆ ಅನ್ಯಾಯಕ್ಕೆ ಪ್ರತ್ಯೇಕ ಲೇಖನವೇ ಬೇಕು. ಬೆರಳು ಹೋದ ಬಳಿಕದ ಮೊದಲ ಕೆಲವು ಗಂಟೆಗಳೇ ನನ್ನ ವಿಷಯ.

ಯಂತ್ರ ಒರೆಸುವ ಬನಿಯನ್ ಬಟ್ಟೆಯನ್ನೇ ಕೈಗೆ ಸುತ್ತಿ, ಗಾಯಾಳುವನ್ನು ಆಟೋದಲ್ಲಿ ಕೂರಿಸಿ, ಸಮೀಪದ ನರ್ಸಿಂಗ್ ಹೋಮಿಗೆ ಒಯ್ಯುವ ಸೂಪರ್‌ವೈಸರನು ದಾರಿಯಲ್ಲೇ ಹೇಳಿಬಿಡುತ್ತಾನೆ: “ಮನೇಲಿ ಬಿದ್ದೆ ಅಂತ ಹೇಳಪ್ಪ, ಖರ್ಚೆಲ್ಲ ನಾವು ನೋಡ್ಕೋತೀವಿ.” ಯಾದಗಿರಿಯಿಂದಲೋ ರಾಯಚೂರಿನಿಂದಲೋ ಗುತ್ತಿಗೆದಾರನ ಬೆನ್ನಿಗೆ ಬಂದ, ಊರಿನ ಸಾಲವನ್ನು ಮನದಲ್ಲಿ ಹೊತ್ತ ಆ ತರುಣನು ನೋವಿನ ನಡುವೆಯೂ ಕೃತಜ್ಞನಾಗಿ ತಲೆಯಾಡಿಸುತ್ತಾನೆ. ಬಿಲ್ಲು ಪಾವತಿಯಾಗುತ್ತದೆ, ಕೈಗೆ ಕೆಲವು ಸಾವಿರ ಬೀಳುತ್ತದೆ. ಇದನ್ನು ದಯೆಯೆಂದು ನಾನು ಕರೆಯಲಾರೆ.

ಏಕೆಂದರೆ 1948ರ ಕಾಯ್ದೆಯಿಂದ ಹುಟ್ಟಿ, 1952ರಲ್ಲಿ ಕಾನ್ಪುರ ಹಾಗೂ ದೆಹಲಿಗಳಲ್ಲಿ ಆರಂಭವಾಗಿ, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಸ್ಥಾನ ಪಡೆದ ಇ.ಎಸ್.ಐ. (ನೌಕರರ ರಾಜ್ಯ ವಿಮಾ) ಯೋಜನೆಯು, ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯಗೊಂಡವನಿಗೂ ಚಿಕಿತ್ಸೆಯನ್ನೂ, ಕೆಲಸ ಮಾಡಲಾಗದ ಅವಧಿಯುದ್ದಕ್ಕೂ ಸರಾಸರಿ ಕೂಲಿಯ ಶೇ. 90ರಷ್ಟನ್ನೂ, ಅಂಗವೈಕಲ್ಯವು ಶಾಶ್ವತವಾದರೆ ಜೀವನಪರ್ಯಂತದ ಮಾಸಿಕ ಪರಿಹಾರವನ್ನೂ ನೀಡತಕ್ಕದ್ದಾಗಿದೆ. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30, ತೋರುಬೆರಳು ಹೋದರೆ ಶೇ. 14 ನಷ್ಟವೆಂದು ಕಾನೂನಿನ ಅನುಸೂಚಿಯೇ ಗೊತ್ತುಪಡಿಸಿದೆ. ಮಾಲೀಕನು ವಂತಿಗೆ ಕಟ್ಟದಿದ್ದರೂ ಇ.ಎಸ್.ಐ. ನಿಗಮವು ಕಾರ್ಮಿಕನಿಗೆ ಸೌಲಭ್ಯ ಕೊಟ್ಟು, ಮಾಲೀಕನಿಂದ ವಸೂಲು ಮಾಡಬಲ್ಲದು. ಇದಿಷ್ಟೂ ‘ಮನೆಯಲ್ಲಿ ಬಿದ್ದೆ’ ಎಂಬ ಮಾತು ಕೇಸ್ ಶೀಟಿನಲ್ಲಿ ಅಚ್ಚೊತ್ತಿದ ಕ್ಷಣದಲ್ಲೇ ಕೈಜಾರತೊಡಗುತ್ತದೆ.

ಸುಳ್ಳಿನಿಂದ ಚಿಕಿತ್ಸೆಯೂ ಕೆಡುತ್ತದೆ. ಜಜ್ಜಿದ ಗಾಯವನ್ನು, ಅದರೊಳಗೆ ಸೇರಿದ ಎಣ್ಣೆ ಹಾಗೂ ಲೋಹದ ಚೂರುಗಳನ್ನು, ಬಿದ್ದ ಗಾಯದಂತೆ ನೋಡಲಾಗದು. ತುಂಡಾದ ಬೆರಳನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ, ಮಂಜುಗಡ್ಡೆಯು ಬೆರಳಿಗೆ ನೇರವಾಗಿ ತಾಗದಂತೆ, ಸೂಕ್ಷ್ಮ ಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಗೆ ತ್ವರಿತವಾಗಿ ಒಯ್ದರೆ ಕೆಲವೊಮ್ಮೆ ಮರಳಿ ಜೋಡಿಸಬಹುದು; ಗುಟ್ಟಾಗಿ ಮುಗಿಸುವ ಆತುರದಲ್ಲಿ ಮೊಂಡಿಗೆ ಹೊಲಿಗೆ ಹಾಕಿ ಕಳುಹಿದರೆ ಆ ಅವಕಾಶವೇ ಇರದು. ಬಳಿಕ ಬೇಕಾದ ಫಿಸಿಯೋಥೆರಪಿಯನ್ನಂತೂ ಯಾರೂ ನೆನೆಯುವುದಿಲ್ಲ. ಉಳಿದ ಬೆರಳುಗಳ ಕೀಲುಗಳೂ ಬಿಗಿದು, ಒಂದು ಬೆರಳಿನ ನಷ್ಟವು ಇಡೀ ಕೈಯ ನಷ್ಟವಾಗುತ್ತದೆ.

ಇ.ಎಸ್.ಐ. ಆಸ್ಪತ್ರೆಗಳಲ್ಲಿ ಕಾಯಬೇಕಾಗುತ್ತದೆಂಬ ದೂರು ಸುಳ್ಳಲ್ಲ. ಆದರೆ ತುರ್ತು ಸಂದರ್ಭದಲ್ಲಿ ಹತ್ತಿರದ ಯಾವುದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಆನಂತರ ವೆಚ್ಚವನ್ನು ಕೋರಲು ಅವಕಾಶವಿದೆ. ಕಾಯುವ ಕಷ್ಟವು ಸತ್ಯವನ್ನು ಮುಚ್ಚಿಡಲು ಕಾರಣವಾಗಲಾರದು. ಮೊದಲು ನೋಡುವ ವೈದ್ಯರು ಗಾಯವು ಎಲ್ಲಿ, ಯಾವ ಯಂತ್ರದಿಂದ ಆಯಿತೆಂದು, ಜೊತೆಗೆ ಬಂದವರನ್ನು ಹೊರಗೆ ಕಳುಹಿಸಿ, ಗಾಯಾಳುವನ್ನೇ ಕೇಳಿ ಬರೆದುಕೊಳ್ಳಬೇಕು. ಅಪಘಾತದ ಸೂಚನೆಯನ್ನು ಗಾಯಾಳುವೇ ಕೊಡಬೇಕೆಂದಿಲ್ಲ; ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದವನ ಪರವಾಗಿ ಪಕ್ಕದ ಪ್ರೆಸ್ಸಿನವನು ಬಾಯಿಮಾತಿನಲ್ಲಿಯೂ ಕೊಡಬಹುದು, ಮತ್ತು ಕಾರ್ಖಾನೆಯ ಅಪಘಾತ ವಹಿಯಲ್ಲಿ ದಿನಾಂಕ, ವೇಳೆ, ಯಂತ್ರ, ಕಂಡವರ ಹೆಸರು ಇವಿಷ್ಟನ್ನೂ ಅಂದೇ ಬರೆಯಿಸುವಂತೆ ಪಟ್ಟುಹಿಡಿಯಬಹುದು.